ಹಿಮದ ಊರಿನಲ್ಲಿ ಭೋಗಿ

ಅಥಣಿ

ಪ್ರೀತಿಯ ಮಗಳೇ,

ಕೆನಡಾದ ಸಸ್ಕ್ಯಾಚೆವಾನ್ ಸೀಮೆಯ ಸಣ್ಣ ಹಳ್ಳಿಯಲ್ಲಿ ನಿನಗಿದು ಮೊದಲ ಚಳಿಗಾಲ. ಎಳ್ಳಮಾವಾಸ್ಯೆ, ಭೋಗಿ, ಸಂಕ್ರಾಂತಿ ಮೂರನ್ನೂ ಸಾಸ್ಕಟೂನ್ ಪಟ್ಟಣಕ್ಕೆ ಹೋಗಿ ಒಂದೇ ಶನಿವಾರ ಮುಗಿಸಿ ಬರುತ್ತೀ ಎಂದು ಕೇಳಿದೆ. ಹೋಗು, ನಮ್ಮ ಮಾತು ಕಿವಿಗೆ ಬಿದ್ದರೆ ಜೀವಕ್ಕೆ ಹಿತ. ಆದರೆ ಹಬ್ಬವನ್ನು ಅಲ್ಲಿಯೇ ಬಿಟ್ಟು ಬರಬೇಡ. ನೀನಿರುವ ಊರಿನಲ್ಲೂ ಮಾಡು, ಆಯಾ ದಿನವೇ ಮಾಡು, ನೆರೆಯವರನ್ನು ಕರೆದು ಮಾಡು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡದಿಂದ ಹೊರದೇಶದ ಹಳ್ಳಿ ಸೇರಿದ ಮಕ್ಕಳೆಲ್ಲ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನೀನಿರುವುದು ರೈತರ ಸೀಮೆ. ಕೆನಡಾ ಬೆಳೆಯುವ ಮಸೂರದ ಬಹುಪಾಲು ಅಲ್ಲಿಯ ಹೊಲಗಳದ್ದು. ಅದು ನಮ್ಮ ದೇಶದ ಅಡುಗೆಮನೆಗೂ ಬರುತ್ತದೆ. ಮೇ ತಿಂಗಳಲ್ಲಿ ಬಿತ್ತಿ, ಆಗಸ್ಟ್–ಸೆಪ್ಟೆಂಬರಿನಲ್ಲಿ ರಾಶಿ ಮಾಡಿದ ಜನ ಈಗ ಮನೆ ಹಿಡಿದಿರುತ್ತಾರೆ. ಅವರಲ್ಲಿ ಎಷ್ಟೋ ಮನೆತನಗಳು 1890ರ ದಶಕದಿಂದೀಚೆಗೆ ಉಕ್ರೇನ್ ಕಡೆಯಿಂದ ಬಂದು ನೆಲೆ ನಿಂತವು. ಹಳೆಯ ಪಂಚಾಂಗ ಬಿಡದವರು ಇಂದಿಗೂ ಜನವರಿ 6ರ ಸಂಜೆ ಕ್ರಿಸ್‌ಮಸ್ ಊಟಕ್ಕೆ ಕೂಡುತ್ತಾರೆ. ಹೊಲದ ಗೋದಿಯ ಸಿವುಡೊಂದನ್ನು ಮನೆಯೊಳಗೆ ತಂದು ನಿಲ್ಲಿಸುತ್ತಾರೆ; ಅದು ಹಿರಿಯರ ನೆನಪು. ಹನ್ನೆರಡು ಬಗೆ ಮಾಡುತ್ತಾರೆ, ಮಾಂಸವಿಲ್ಲ. ಮೊದಲು ಬಡಿಸುವುದು ಕುತ್ಯಾ: ಕುದಿಸಿದ ಗೋದಿಗೆ ಜೇನು, ಗಸಗಸೆ. ಜೇನಿನ ಜಾಗದಲ್ಲಿ ಬೆಲ್ಲ ಹಾಕಿದರೆ ಅದು ನಮ್ಮ ಗೋದಿ ಹುಗ್ಗಿಯೇ ಅಲ್ಲವೇ! ತೀರಿಹೋದವರಿಗಾಗಿ ಒಂದು ತಾಟು ಬೇರೆ ಇಡುವ ಮನೆಗಳೂ ಉಂಟು. ತೆಲಸಂಗದ ಕಡೆ ಎಳ್ಳಮಾವಾಸ್ಯೆಗೆ ಬಿಳಿಜೋಳದ ಹೊಲದಲ್ಲಿ ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜಿಸಿ, ಭೂತಾಯಿಗೆ ಚರಗ ಚೆಲ್ಲುವುದನ್ನು ಕಂಡವಳು ನೀನು. ಆ ಸಿವುಡು ಏಕೆ ಒಳಗೆ ಬಂತು ಎಂದು ನಿನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕರೆದರೆ ಹೋಗು. ಮಾಂಸವಿಲ್ಲದಿದ್ದರೂ ಮೀನು ಇರುತ್ತದೆ. ಕೇಳಿ ಬಡಿಸಿಕೊ, ಕೇಳುವುದರಲ್ಲಿ ನಾಚಿಕೆ ಬೇಡ.

ಪರಊರಿನ ಚಳಿಗಾಲ ಎಂದರೇನೆಂದು ತಿಳಿಯಲು ನಮ್ಮ ಕಬ್ಬಿನ ಗ್ಯಾಂಗುಗಳನ್ನು ನೆನೆಸಿಕೊ. ಉಗಾರದ ಕಾರ್ಖಾನೆಯ ಹೊಗೆ ಏಳುವ ಹೊತ್ತಿಗೆ ಬೀಡ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ ಗಂಡ, ಹೆಂಡತಿ, ಮಕ್ಕಳು ಎತ್ತಿನ ಗಾಡಿ ಸಮೇತ ಬರುತ್ತಾರೆ. ಹೊಲದ ಬದಿಗೆ ಗುಡಿಸಲು ಹಾಕುತ್ತಾರೆ. ಸಂಕ್ರಾಂತಿ ಅವರಿಗೆ ಆ ಗುಡಿಸಲಿನಲ್ಲೇ. ನಸುಕಿಗೇ ಎದ್ದು ಕಬ್ಬು ಕಡಿದವರು ಸಂಜೆ ಮಕ್ಕಳ ಕೈಗೆ ಎಳ್ಳು ಬೆಲ್ಲ ಕೊಡುತ್ತಾರೆ. ಅವರನ್ನು ಮನೆಗೆ ಕರೆದು ಅರಿಷಿಣ ಕುಂಕುಮ ಕೊಟ್ಟ ಗೌಡತಿಯರನ್ನು ನೋಡಿದ್ದೇನೆ. ಅವರಿರುವುದೇ ಗೊತ್ತಿಲ್ಲವೆಂಬಂತೆ ಹಾದುಹೋಗುವ ಮನೆಗಳೂ ನಮ್ಮಲ್ಲಿ ಬಹಳ. ಅದು ನನಗೆ ಬಹಳ ನೋವಿನ ಸಂಗತಿ. ಈಗ ಪರಊರಿನವಳು ನೀನು. ಆದರೆ ಆ ಬಡವರಿಗಿಲ್ಲದ ಅನುಕೂಲ ನಿನಗಿದೆ: ಬೆಚ್ಚಗಿನ ಮನೆ, ನಾಲ್ಕು ಜನರನ್ನು ಕರೆಯುವ ಶಕ್ತಿ. ಕರೆಯಲಿ ಎಂದು ಕಾಯುತ್ತ ಕೂಡಬೇಡ, ನೀನೇ ಕರೆ.

ಅಡುಗೆಯ ಮಾತು. ಸಜ್ಜಿ ಹಿಟ್ಟು ತಿಂಗಳುಗಟ್ಟಲೆ ಇಟ್ಟರೆ ಕಹಿಯಾಗುತ್ತದೆ. ಕಾಳು ತಂದು, ಬೇಕಾದಷ್ಟೇ ಬೀಸಿಕೊ. ರೊಟ್ಟಿಗೆ ಎಳ್ಳು ಕೈತುಂಬ ಒತ್ತು. ಭೋಗಿಯ ಪಲ್ಯಕ್ಕೆ ಹಸಿಕಡಲೆ, ಅವರೆ ಸಿಗದಿದ್ದರೆ ಗಜ್ಜರಿ, ಬದನೆಕಾಯಿ, ಬಟಾಣಿ ಹಾಕು. ಅಲ್ಲಿಯ ಮಸೂರವನ್ನೂ ಒಂದು ಹಿಡಿ ಹಾಕು. ಆ ನೆಲದ ಕಾಳಿಲ್ಲದೆ ಆ ನೆಲದ ಭೋಗಿ ಹೇಗಾದೀತು? ಎಳ್ಳು, ಶೇಂಗಾ ಎರಡೂ ಅಲ್ಲಿ ಕೆಲವರಿಗೆ, ವಿಶೇಷವಾಗಿ ಮಕ್ಕಳಿಗೆ, ಜೀವಕ್ಕೇ ಅಪಾಯ ಮಾಡುವ ಅಲರ್ಜಿ ತರುತ್ತವೆ. ಎಷ್ಟೇ ಪ್ರೀತಿಯಿದ್ದರೂ ಕೇಳದೆ ಯಾವ ಮಗುವಿನ ಕೈಗೂ ಉಂಡಿ ಕೊಡಬೇಡ. ಡಬ್ಬಿಯ ಮೇಲೆ ಏನೇನು ಹಾಕಿದ್ದೀ ಬರೆದಿಡು. ತಿನ್ನಬಾರದವರಿಗೆ ಬೆಲ್ಲ, ಕೊಬ್ಬರಿ ಬೇರೆ ಪಾತ್ರೆಯಲ್ಲಿ ಕಲಸಿ ಕೊಡು.

ದಿನ ತಪ್ಪಿಸಬೇಡ ಎಂದು ಹಟ ಹಿಡಿಯುವುದಕ್ಕೆ ಕಾರಣವಿದೆ. ಡಿಸೆಂಬರ್ 21ರ ಸುಮಾರಿಗೆ ನಿನ್ನಲ್ಲಿ ಎಂಟು ತಾಸೂ ಬಿಸಿಲಿರುವುದಿಲ್ಲ. ನಮ್ಮಲ್ಲಿ ಹನ್ನೊಂದು ತಾಸು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಹಗಲು ಅರ್ಧ ತಾಸಿನಷ್ಟು ಬೆಳೆದಿರುತ್ತದೆ, ಇಲ್ಲಿ ಐದಾರು ನಿಮಿಷ ಅಷ್ಟೇ. ಎಳ್ಳು ಹಚ್ಚಿಕೊಂಡು ಕೃಷ್ಣೆಯಲ್ಲಿ ಮೀಯುವ ನಮಗಿಂತ ಉತ್ತರಾಯಣ ನಿನ್ನ ಕಣ್ಣಿಗೇ ಚೆನ್ನಾಗಿ ಕಾಣುತ್ತದೆ. ಅಂಥ ದಿನವನ್ನು ಶನಿವಾರಕ್ಕೆ ದಾಟಿಸಬಾರದು.

ಇನ್ನೊಂದು ಸಂತೋಷದ ವಿಷಯ. ಅದೇ ಉಕ್ರೇನಿನವರು ಹಳೆಯ ಪಂಚಾಂಗದ ವರ್ಷದ ಕೊನೆಯ ರಾತ್ರಿ, ಜನವರಿ 13ರಂದು, ಮಲಂಕಾ ಎಂದು ಹಾಡಿ ಕುಣಿದು ಆಚರಿಸುತ್ತಾರೆ. ಭೋಗಿ ಬರುವುದೂ ಸಾಮಾನ್ಯವಾಗಿ ಅಂದೇ, ಒಮ್ಮೊಮ್ಮೆ ಮರುದಿನ. ನಿನ್ನೂರಿನ ಸಭಾಭವನದಲ್ಲಿ ಆ ರಾತ್ರಿ ಜನ ಕೂಡುತ್ತಾರೋ ಈಗಲೇ ವಿಚಾರಿಸು. ಕೂಡುವುದಾದರೆ ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಮೇಲಿಷ್ಟು ಬೆಣ್ಣೆ, ಆ ಪಲ್ಯ ಒಯ್ಯು. ಖಾರ ಮಾತ್ರ ಕಡಿಮೆ ಮಾಡು.

ನಿನ್ನ ದೊಡ್ಡವ್ವ