ಸ್ಟಾರ್ಟರ್ ಒತ್ತಿದ ಮೇಲಿನ ಮೂವತ್ತು ಸೆಕೆಂಡು

ಟರ್ಬೊಪ್ರಾಪ್ ಇಂಜಿನ್ನಿಗೆ ದೊಡ್ಡ ಪೆಟ್ಟು ಬೀಳಲು ವಿಮಾನ ಹಾರಲೇಬೇಕೆಂದಿಲ್ಲ. ನಿಂತ ಜಾಗದಲ್ಲೇ, ಚಕ್ರ ಉರುಳುವ ಮೊದಲೇ, ಕೆಲವು ಸೆಕೆಂಡುಗಳಲ್ಲಿ ಟರ್ಬೈನ್ ಬ್ಲೇಡುಗಳು ಸುಟ್ಟುಹೋಗಬಹುದು.

ಸೆಸ್ನಾ ಕ್ಯಾರವಾನ್ ವಿಮಾನವನ್ನೇ ನೋಡಿ. ಅದರ ಮೂಗಿನಲ್ಲಿರುವುದು ಪ್ರಾಟ್ ಆಂಡ್ ವಿಟ್ನಿ ಕೆನಡಾ ಕಂಪನಿಯ ಪಿಟಿ6 ಇಂಜಿನ್. ಸ್ಟಾರ್ಟರ್ ಒತ್ತಿದಾಗ ಮೊದಲು ಕಂಪ್ರೆಸರ್ ತಿರುಗುತ್ತದೆ. ಅದರ ವೇಗ ಕನಿಷ್ಠ ಶೇ 12ಕ್ಕೆ ಏರಿ ಸ್ಥಿರವಾದ ಮೇಲಷ್ಟೇ ಪೈಲಟ್ ಇಂಧನದ ಲಿವರನ್ನು ಕಟ್‌ಆಫ್‌ನಿಂದ ಲೋ ಐಡಲ್‌ಗೆ ಸರಿಸುತ್ತಾರೆ. ಬೆಂಕಿ ಹತ್ತಿದ ಕೂಡಲೇ ಟರ್ಬೈನಿನ ತಾಪ ತೋರಿಸುವ ಐಟಿಟಿ ಮುಳ್ಳು ಜಿಗಿಯುತ್ತದೆ. 675 ಅಶ್ವಶಕ್ತಿಯ ಮಾದರಿಯಲ್ಲಿ ಟೇಕಾಫ್‌ಗೆ ಇರುವ ಮಿತಿ 805 ಡಿಗ್ರಿ ಸೆಲ್ಸಿಯಸ್. ಸ್ಟಾರ್ಟ್ ಮಾಡುವಾಗ ಮಾತ್ರ 1090 ಡಿಗ್ರಿವರೆಗೆ ರಿಯಾಯಿತಿ, ಅದೂ 2 ಸೆಕೆಂಡಿಗೆ.

ಒಳಗೆ ಬರುವ ಗಾಳಿಯ ಹೆಚ್ಚಿನ ಪಾಲು ತಣಿಸುವುದಕ್ಕೇ ಬೇಕು. ಬ್ಯಾಟರಿ ಸೋತಿದ್ದರೆ ಕಂಪ್ರೆಸರ್ ತೆವಳುತ್ತದೆ, ಗಾಳಿ ಸಾಲದು, ಇಂಧನ ಮಾತ್ರ ಬೀಳುತ್ತಲೇ ಇರುತ್ತದೆ. ಬ್ಯಾಟರಿಯಲ್ಲಿ 24 ವೋಲ್ಟ್ ಇದೆಯೇ ಎಂದು ಮೊದಲೇ ನೋಡುವುದು ಇದಕ್ಕೇ. ಹಿಂದಿನಿಂದ ಬೀಸುವ ಗಾಳಿಯೂ ತಾಪ ಏರಿಸುತ್ತದೆ; ಸಾಧ್ಯವಾದರೆ ಮೂಗನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು.

ಈ ಲೇಖಕ ನಿರ್ವಹಣಾ ತಂಡದ ಕೆಲಸಕ್ಕಾಗಿ ವಿಮಾನದ ಹಿಂದಿನ ಸೀಟಿನಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ ಈ ಎರಡೂ ತೊಂದರೆ ಒಮ್ಮೆಲೇ ಎದುರಾದವು. ವೋಲ್ಟೇಜ್ ಮಿತಿಯ ಅಂಚಿನಲ್ಲಿತ್ತು, ಗಾಳಿ ಬಾಲದ ಕಡೆಯಿಂದಿತ್ತು. ಐಟಿಟಿ 900 ದಾಟಿದರೂ ಏರಿಕೆಯ ವೇಗ ತಗ್ಗಲಿಲ್ಲ. ಕಂಪ್ರೆಸರ್ ಮುಳ್ಳು ತೂಕಡಿಸುತ್ತಿತ್ತು. ಕೆಂಪು ಗೆರೆ ಮುಟ್ಟುವವರೆಗೆ ಕಾಯದೆ ಯುವ ಕೋಪೈಲಟ್ ಲಿವರನ್ನು ಕಟ್‌ಆಫ್‌ಗೆ ಎಳೆದರು. ಕ್ಯಾಪ್ಟನ್ ಕೈ ಸ್ಟಾರ್ಟರ್ ಸ್ವಿಚ್ಚಿನತ್ತ ಹೋಯಿತು.

“ಸರ್, ಸ್ಟಾರ್ಟರ್ ಈಗಲೇ ಆಫ್ ಮಾಡಬೇಡಿ, ತಿರುಗಲಿ!”

ಕೋಪೈಲಟ್ ಹೇಳಿದ್ದು ಸರಿಯಾಗಿತ್ತು. ಇಂಧನ ನಿಂತರೂ ಒಳಗಿನ ಬಿಸಿ ಅಲ್ಲೇ ಇರುತ್ತದೆ. ಸ್ಟಾರ್ಟರ್ ತಿರುಗುತ್ತಿದ್ದರೆ ಗಾಳಿ ಹಾದು ತಾಪ ಇಳಿಯುತ್ತದೆ. ಒಳಗೆ ಬೆಂಕಿ ಉಳಿದಿದ್ದರೂ ಅದೇ ಮದ್ದು. ಆದರೆ ಸ್ಟಾರ್ಟರಿಗೂ ಮಿತಿಯಿದೆ. ಬ್ಯಾಟರಿಯಲ್ಲಿ 30 ಸೆಕೆಂಡು ಓಡಿಸಿದರೆ 60 ಸೆಕೆಂಡು ಬಿಡುವು. ಹಾಗೆ ಮೂರನೆಯ ಸಲ ಓಡಿಸಿದ ಮೇಲೆ 30 ನಿಮಿಷ ಮುಟ್ಟುವಂತಿಲ್ಲ. ಅಂದು ದಾಖಲಾದ ಗರಿಷ್ಠ ತಾಪ ಮಿತಿಯೊಳಗೇ ಇತ್ತು. ವಿಮಾನವನ್ನು ತಿರುಗಿಸಿ, ನೆಲದ ಪವರ್ ಯೂನಿಟ್ ಜೋಡಿಸಿದ ಮೇಲೆ ಇಂಜಿನ್ ತಕರಾರಿಲ್ಲದೆ ಹೊತ್ತಿತು.

ಇಂಧನ ಬಿಟ್ಟು 10 ಸೆಕೆಂಡಾದರೂ ಬೆಂಕಿ ಹತ್ತದಿದ್ದರೆ ಕ್ರಮ ಬೇರೆ. ಲಿವರ್ ಕಟ್‌ಆಫ್, ಸ್ಟಾರ್ಟರ್ ಆಫ್. ಒಳಗೆ ನಿಂತ ಇಂಧನ ಬಸಿಯಲು ಬಿಟ್ಟು, ಆಮೇಲೆ ಇಗ್ನಿಷನ್ ಇಲ್ಲದೆ ಬರಿದೇ ತಿರುಗಿಸಿ ಉಳಿದದ್ದನ್ನು ಹೊರದೂಡಬೇಕು. ಆತುರದಲ್ಲಿ ಮತ್ತೆ ಲಿವರ್ ತಳ್ಳಿದರೆ, ಪಂಪ್ ಸ್ಟೋವಿನ ಬಟ್ಟಲಿಗೆ ಸೀಮೆಎಣ್ಣೆ ಹೆಚ್ಚು ಸುರಿದಾಗ ಆಗುವಂತೆ ಜ್ವಾಲೆ ಭುಗಿಲೇಳುತ್ತದೆ. ವಿಮಾನದ ಇಂಧನವೂ ಸೀಮೆಎಣ್ಣೆಯ ಜಾತಿಯದೇ.

ನೆಲದ ಮೇಲೆ ಪೈಲಟ್‌ಗೆ ಕಾಯಲು ಸಮಯವಿದೆ, ಆಕಾಶದಲ್ಲಿ ಇಲ್ಲ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಸರಸ್ ವಿಮಾನದ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿತ್ತು. ಅದರಲ್ಲಿದ್ದ ವಾಯುಪಡೆಯ ಮೂವರೂ ಮಡಿದರು. ಹಾರುವಾಗಲೇ ಒಂದು ಇಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅಂದು ನಡೆದಿತ್ತು. ಹೊತ್ತಿಸಲು ರೂಪಿಸಿದ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು.

ತರಬೇತಿಯಲ್ಲಿರುವ ಪೈಲಟ್‌ಗಳಿಗೆ ಒಂದು ಕೋರಿಕೆ: ಸ್ಟಾರ್ಟ್ ಕೈಬಿಟ್ಟಾಗ ಮುಳ್ಳು ಎಷ್ಟು ಡಿಗ್ರಿಗೆ ಏರಿತು, ಎಷ್ಟು ಸೆಕೆಂಡು ಅಲ್ಲಿತ್ತು ಎಂಬುದನ್ನು ಟೆಕ್ ಲಾಗ್‌ನಲ್ಲಿ ಬರೆಯಿರಿ. ಇಂಜಿನ್ ಬಿಚ್ಚಿ ನೋಡಬೇಕೇ, ಹಾಗೇ ಹಾರಿಸಬಹುದೇ ಎಂದು ಇಂಜಿನಿಯರ್ ತೀರ್ಮಾನಿಸುವುದು ಆ ಎರಡು ಅಂಕಿಗಳ ಮೇಲೆಯೇ.