ಕೋಶವನ್ನೂ ಸುತ್ತಬೇಕು

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ದೇಶ ಸುತ್ತಲು ಹಣ ಬೇಕು. ಕೋಶ ಓದಲು ಮನಸ್ಸೊಂದಿದ್ದರೆ ಸಾಕು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಯಾವ ಕೋಶವನ್ನು ಓದಬೇಕೆಂಬುದು ಗೊತ್ತಾಗಬೇಕಾದರೆ ಮೊದಲು ಕೋಶಗಳ ನಡುವೆಯೂ ಸುತ್ತಬೇಕಾಗುತ್ತದೆ. ಗ್ರಂಥಾಲಯದಲ್ಲಿ ಹೀಗೆ ಸುತ್ತಾಡುವುದು ಕಾಲಹರಣವಲ್ಲ, ಅದೂ ಒಂದು ಅಭ್ಯಾಸಕ್ರಮವೇ ಎಂಬುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ಬಹುತೇಕರು ಗ್ರಂಥಾಲಯದ ಮೆಟ್ಟಿಲು ಹತ್ತುವುದು ಪರೀಕ್ಷೆ ಸಮೀಪಿಸಿದಾಗ. ಚೀಟಿಯ ಮೇಲೆ ಪಠ್ಯಪುಸ್ತಕದ ಹೆಸರು ಬರೆದು ಕೊಡುತ್ತೇವೆ. ಪುಸ್ತಕ ಬಂದರೆ ಒಯ್ಯುತ್ತೇವೆ, ಬಾರದಿದ್ದರೆ ಹಿಂದಿರುಗುತ್ತೇವೆ. ಮನೆಯಲ್ಲಿ ಪಂಚಾಂಗ ಮತ್ತು ಅಣ್ಣನ ಹಳೆಯ ಪಠ್ಯಗಳ ಹೊರತು ಬೇರೆ ಪುಸ್ತಕವನ್ನೇ ಕಾಣದೆ ಬೆಳೆದ ನಮ್ಮಂಥ ಹಳ್ಳಿಯ ವಿದ್ಯಾರ್ಥಿಗೆ ಈ ಚೀಟಿಯೇ ಒಂದು ದೊಡ್ಡ ಅಡ್ಡಿ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ? ಇಂದು ಕೈಯಲ್ಲಿ ಫೋನು ಇದೆ. ಆದರೆ ಅದರಲ್ಲಿಯೂ ಹುಡುಕಲು ಮೊದಲು ಒಂದು ಶಬ್ದ ಹೊಳೆಯಬೇಕು. ಪಟ್ಟಿ ನಾವು ಕೇಳಿದ್ದನ್ನು ಕೊಡುತ್ತದೆ. ತೆರೆದ ಕಪಾಟು ನಾವು ಕೇಳಲು ಅರಿಯದಿದ್ದುದನ್ನು ಕೊಡುತ್ತದೆ.

ಹಿಂದೆ ಎಲ್ಲ ದೇಶಗಳಲ್ಲಿಯೂ ಪುಸ್ತಕಗಳು ಬೀಗದೊಳಗೇ ಇದ್ದವು. ಓದುಗರನ್ನು ಒಳಗೆ ಬಿಟ್ಟರೆ ಪುಸ್ತಕಗಳು ಕಳುವಾಗುತ್ತವೆ ಎಂಬ ಭಯವಿತ್ತು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬುವರು ಓದುಗರನ್ನು ಕಪಾಟುಗಳ ನಡುವೆ ಬಿಟ್ಟಾಗ ಅವರ ಸಮವೃತ್ತಿಯವರಲ್ಲೇ ದೊಡ್ಡ ವಾದವೆದ್ದಿತು. ನಮ್ಮ ದೇಶದಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೇರಿಕೆಯಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಯಿಸಿ ಗ್ರಂಥಾಲಯಗಳನ್ನು ಜನರಿಗೆ ತೆರೆದರು.

ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವುದು ಉಪಯೋಗಕ್ಕಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುವ ಜೀವಿ. ಇವುಗಳಲ್ಲಿ ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ಓದುಗನು ಪುಸ್ತಕವನ್ನು ಹುಡುಕುವಂತೆ ಪುಸ್ತಕವೂ ಓದುಗನಿಗಾಗಿ ಕಾದಿರುತ್ತದೆ. ಅವರಿಬ್ಬರ ಭೇಟಿಯಾಗಬೇಕಾದರೆ ಕಪಾಟು ತೆರೆದಿರಬೇಕು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ ಎಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿಯೇ 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದರು, 1972ರಲ್ಲಿ ತೀರಿಕೊಂಡರು.

ಕಪಾಟು ತೆರೆದಿದ್ದರೆ ಮಾತ್ರ ಸಾಲದು, ಅದರಲ್ಲಿ ಕ್ರಮವೂ ಬೇಕು. ಬಹುತೇಕ ಕಾಲೇಜುಗಳಲ್ಲಿ ಪುಸ್ತಕದ ಬೆನ್ನಿನ ಮೇಲೆ ಕಾಣುವ ಅಂಕಿಗಳು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿಯವು. ಸಮಸ್ತ ಜ್ಞಾನವನ್ನು ಅವನು ಹತ್ತು ವರ್ಗಗಳಾಗಿ ಮಾಡಿದನು: ಸಾಮಾನ್ಯ ಗ್ರಂಥಗಳು, ತತ್ತ್ವಶಾಸ್ತ್ರ, ಧರ್ಮ, ಸಮಾಜಶಾಸ್ತ್ರಗಳು, ಭಾಷೆ, ವಿಜ್ಞಾನ, ತಂತ್ರವಿದ್ಯೆ, ಕಲೆ, ಸಾಹಿತ್ಯ ಮತ್ತು ಇತಿಹಾಸ. ಒಂದು ವಿಷಯದ ಪುಸ್ತಕಗಳು ಒಟ್ಟಿಗೆ ನಿಲ್ಲುತ್ತವೆ, ಸಮೀಪದ ವಿಷಯಗಳು ಪಕ್ಕದಲ್ಲಿರುತ್ತವೆ. ಕನ್ನಡ ಸಾಹಿತ್ಯದ ಸಂಖ್ಯೆ 894.814.

ಈ ಅಂಕಿಗಳ ಮಹತ್ವವನ್ನು ನಮ್ಮೂರಿನ ಉದಾಹರಣೆಯಿಂದಲೇ ನೋಡೋಣ. ನನ್ನೂರು ಕೃಷ್ಣಾ ತೀರದ ಉಗಾರ ಖುರ್ದ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದ ಅದರ ಹೆಸರು ದೂರದವರೆಗೂ ತಿಳಿದಿದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಗಾಡಿಗಳನ್ನು ನೋಡುತ್ತ ಬೆಳೆದ ನನಗೆ ಕಬ್ಬಿನ ಬಗ್ಗೆ ಇನ್ನು ತಿಳಿಯುವುದೇನಿದೆ ಎನ್ನಿಸಿತ್ತು. ಗ್ರಂಥಾಲಯದಲ್ಲಿ ಹುಡುಕಹೊರಟಾಗ ಒಂದೇ ಕಬ್ಬು ಅನೇಕ ಕಪಾಟುಗಳಲ್ಲಿ ಹರಡಿಕೊಂಡಿರುವುದು ಕಂಡಿತು.

ಬೆಳೆಯಾಗಿ ಕಬ್ಬು 633.61ರಲ್ಲಿದೆ. ಕೊಯಿಮತ್ತೂರಿನಲ್ಲಿ 1912ರಲ್ಲಿ ಆರಂಭವಾದ ಕಬ್ಬಿನ ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ರಸಭರಿತವಾದ ಕಬ್ಬನ್ನು ಕಾಡುಜಾತಿಯ ಹುಲ್ಲುಕಬ್ಬಿನೊಡನೆ ಸಂಕರ ಮಾಡಿ ಗಟ್ಟಿಯಾದ ತಳಿಗಳನ್ನು ಪಡೆದ ಕಥೆ ಈ ವಿಭಾಗಕ್ಕೆ ಸೇರಿದ್ದು. ಸಕ್ಕರೆ ತಯಾರಿಕೆ 664.1ರಲ್ಲಿದೆ. ಕಡಿದ ಕಬ್ಬು ಹೊಲದಲ್ಲಿ ಉಳಿದಷ್ಟೂ ಅದರಲ್ಲಿಯ ಸಕ್ಕರೆ ಒಡೆದು ಬೇರೆ ರೂಪಕ್ಕೆ ತಿರುಗುತ್ತದೆ. ಆದ್ದರಿಂದಲೇ ರೈತನಿಗೆ ಗಾಡಿಯ ಅವಸರ! ಸಹಕಾರ ಸಂಘಗಳನ್ನು ಕುರಿತದ್ದು 334ರಲ್ಲಿ. ಭಾಷೆಯ ಕಪಾಟಿಗೆ ಹೋದರೆ, ಸಂಸ್ಕೃತದ ‘ಶರ್ಕರಾ’ ಶಬ್ದವು ಮೊದಲು ಹರಳು, ಮರಳು ಎಂಬ ಅರ್ಥದಲ್ಲಿದ್ದು, ಮುಂದೆ ಪರ್ಷಿಯನ್, ಅರಬ್ಬಿಗಳ ಮೂಲಕ ಯುರೋಪಿನ ಭಾಷೆಗಳವರೆಗೆ ಪಯಣಿಸಿತೆಂದು ತಿಳಿಯುತ್ತದೆ. ಇತಿಹಾಸದ ಕಪಾಟಿನಲ್ಲಿ, 1834ರಿಂದ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಸಾಗಿಸಲ್ಪಟ್ಟ ಭಾರತೀಯ ಕೂಲಿಗಳ ದುಃಖದ ವೃತ್ತಾಂತವಿದೆ. ಕಲಾ ವಿಭಾಗದವನೆಂದು 800 ಮತ್ತು 900ರ ಎದುರೇ ನಿಂತಿದ್ದರೆ ನನ್ನ ತಂದೆಯ ಹೊಲದ ಬೆಳೆ ನನಗೆ ಅರ್ಧವೇ ತಿಳಿದಿರುತ್ತಿತ್ತು.

ಇನ್ನೊಂದು ಅನುಭವ. ಬೇರೊಂದು ಶಬ್ದಕ್ಕಾಗಿ ನಿಘಂಟು ತಿರುವುತ್ತಿದ್ದಾಗ ‘ಖುರ್ದ’ ಎಂಬುದು ಕಣ್ಣಿಗೆ ಬಿದ್ದಿತು. ಪರ್ಷಿಯನ್ನಿನಲ್ಲಿ ಅದರರ್ಥ ಚಿಕ್ಕದು. ‘ಬುದ್ರುಕ’ ಎಂದರೆ ದೊಡ್ಡದು. ಉಗಾರ ಖುರ್ದ, ಉಗಾರ ಬುದ್ರುಕ ಎಂದು ದಿನವೂ ಉಚ್ಚರಿಸಿದ್ದರೂ ಅದು ಚಿಕ್ಕ ಉಗಾರ, ದೊಡ್ಡ ಉಗಾರ ಎಂದು ನಾನು ಅರಿತಿರಲಿಲ್ಲ. ನನ್ನೂರಿನ ಹೆಸರನ್ನು ನಾನು ಹುಡುಕಿರಲಿಲ್ಲ; ಅದೇ ನನ್ನನ್ನು ಹುಡುಕಿಕೊಂಡು ಬಂದಿತು.

ಹೀಗೆ ಅಲೆದರೆ ಎಲ್ಲದರಲ್ಲಿಯೂ ಮೇಲುಮೇಲಿನ ಜ್ಞಾನವಾಗಿ, ಯಾವುದೂ ಆಳಕ್ಕಿಳಿಯುವುದಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನಿರಾಧಾರವಲ್ಲ. ಆದ್ದರಿಂದ ಸುತ್ತಾಟಕ್ಕೂ ಕೆಲವು ನಿಯಮಗಳಿರಬೇಕು. ವಾರಕ್ಕೊಂದು ತಾಸು ಇದಕ್ಕೆಂದೇ ಮೀಸಲಿಡಬೇಕು. ಪ್ರತಿ ಸಲ ತನ್ನ ವಿಷಯದ್ದಲ್ಲದ ಒಂದು ಕಪಾಟನ್ನು ಆರಿಸಿಕೊಳ್ಳಬೇಕು. ಪುಸ್ತಕದ ಮುನ್ನುಡಿ, ವಿಷಯಸೂಚಿ, ಕೊನೆಯ ಶಬ್ದಸೂಚಿ ಇವನ್ನು ನೋಡಿ ನಡುವಿನ ಒಂದೆರಡು ಪುಟ ಓದಬೇಕು. ಬಳಿಕ ಅದರ ಎಡಬಲದ ಪುಸ್ತಕಗಳತ್ತಲೂ ಕಣ್ಣುಹಾಯಿಸಬೇಕು. ಹೆಸರು, ಗ್ರಂಥಕರ್ತ, ಸಂಖ್ಯೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನೋಡಿದ ಹತ್ತರಲ್ಲಿ ಒಂದನ್ನಾದರೂ ಮನೆಗೆ ಒಯ್ದು ಪೂರ್ತಿ ಓದಬೇಕು. ತೆಗೆದ ಪುಸ್ತಕವನ್ನು ಕಂಡಲ್ಲಿ ತುರುಕದೆ ಮೇಜಿನ ಮೇಲೆಯೇ ಬಿಡಬೇಕು. ಸ್ಥಳ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ.

ಮಂಡ್ಯ ಜಿಲ್ಲೆಯ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ನೌಕರರಾಗಿದ್ದ ಅಂಕೇಗೌಡರು ತಮ್ಮ ಗಳಿಕೆಯನ್ನು ಪುಸ್ತಕಗಳಿಗೇ ಸುರಿದು, ಹತ್ತಿರದ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಗ್ರಂಥಗಳ ‘ಪುಸ್ತಕ ಮನೆ’ಯನ್ನು ಕಟ್ಟಿ ಓದುಗರಿಗೆ ಅದರ ಬಾಗಿಲು ತೆರೆದರು. ಒಬ್ಬ ನೌಕರನಿಂದ ಇಷ್ಟು ಸಾಧ್ಯವಾದರೆ, ಇದ್ದ ಕಪಾಟುಗಳನ್ನು ತೆರೆಯುವುದು ಕಾಲೇಜುಗಳಿಗೆ ಅಸಾಧ್ಯವೇ? ಬೀಗ ತೆಗೆಯಬೇಕೆಂದು ಗುರುಗಳಲ್ಲಿ ವಿನಂತಿಸುವ ನಾವು, ತೆರೆದ ಕಪಾಟಿನ ವಿಶ್ವಾಸವನ್ನು ಉಳಿಸಿಕೊಳ್ಳುವ ಹೊಣೆಯನ್ನೂ ಹೊರಬೇಕು. ಒಂದು ಪುಸ್ತಕ ಕಾಣೆಯಾದರೆ ನಷ್ಟ ನಿಜ. ಆದರೆ ಯಾರ ಕೈಗೂ ಸಿಗದೆ ಬೀಗದೊಳಗೆ ಹುಳು ತಿಂದ ಪುಸ್ತಕವೂ ಕಾಣೆಯಾದಂತೆಯೇ ಅಲ್ಲವೇ?