ಸಿಡಿಯುವ ಮುನ್ನ ಸುಮ್ಮನಾಗುವ ಜೋಡಿ

ಮಕ್ಕಳೇ, ಮಿಂಚು ಹೊಡೆದಾಗ ರೇಡಿಯೋ ‘ಕರ್ ಕರ್’ ಎನ್ನುವುದನ್ನು ಕೇಳಿದ್ದೀರಲ್ಲವೇ? ಮಿಂಚಿನಲ್ಲಿ ಎಲೆಕ್ಟ್ರಾನುಗಳು ರಭಸದಿಂದ ನುಗ್ಗುವಾಗ ರೇಡಿಯೋ ಅಲೆಗಳು ಹೊರಡುತ್ತವೆ. ಕೆಲವು ಜೋಡಿ ನಕ್ಷತ್ರಗಳೂ ಇದ್ದಕ್ಕಿದ್ದಂತೆ ಇಂಥ ಅಲೆಗಳನ್ನು ಚಿಮ್ಮಿಸುತ್ತವೆ. (ರೇಡಿಯೋ ಅಲೆ ಎಂದರೆ ಸದ್ದಲ್ಲ, ಅದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು. ಶಿಕ್ಷಕರು ಇದನ್ನು ಮೊದಲೇ ತಿಳಿಸಿದರೆ ಒಳ್ಳೆಯದು.)

ಇವುಗಳಲ್ಲಿ ಹೆಸರಾದದ್ದು ಸಿಗ್ನಸ್ ಎಕ್ಸ್-3. ಅಕ್ಟೋಬರ್ ತಿಂಗಳ ರಾತ್ರಿ 8ರ ಸುಮಾರಿಗೆ ನೆತ್ತಿಯಿಂದ ತುಸು ಉತ್ತರಕ್ಕೆ ಕಾಣುವ ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, 20,000 ಜ್ಯೋತಿರ್ವರ್ಷಗಳಿಗೂ ಆಚೆ ಇದೆ. ನಡುವಿನ ದೂಳು ಅದರ ಬೆಳಕನ್ನು ನುಂಗುವುದರಿಂದ ಬರಿಗಣ್ಣಿಗೆ ಕಾಣದು. ಜೋಡಿಯಲ್ಲಿ ಒಂದು, ತನ್ನ ಅನಿಲವನ್ನು ಗಾಳಿಯಂತೆ ಹೊರಚೆಲ್ಲುವ ಬಲು ಬಿಸಿಯಾದ ನಕ್ಷತ್ರ. ಇನ್ನೊಂದು ಪುಟ್ಟದು, ಆದರೆ ಅತಿ ಸಾಂದ್ರ, ಬಹುಶಃ ಕಪ್ಪುಕುಳಿ. ಇವು ಒಂದನ್ನೊಂದು ಸುತ್ತಲು 4 ಗಂಟೆ 48 ನಿಮಿಷ ಸಾಕು. ಬೆಳಿಗ್ಗೆ 10ಕ್ಕೆ ಶಾಲೆಯ ಗಂಟೆ ಹೊಡೆದಾಗ ಹೊರಟರೆ ಮಧ್ಯಾಹ್ನ 3 ಆಗುವುದರೊಳಗೆ ಒಂದು ಸುತ್ತು ಮುಗಿದಿರುತ್ತದೆ!

ಪುಟ್ಟ ಕಾಯದತ್ತ ಬೀಳುವ ಅನಿಲವು ಲಕ್ಷಾಂತರ ಡಿಗ್ರಿ ಕಾದು ಕ್ಷ-ಕಿರಣ ಸೂಸುತ್ತದೆ. ನಮ್ಮ ವಾತಾವರಣ ಇದನ್ನು ತಡೆಯುವುದರಿಂದ ಗಮನಿಸಲು ಉಪಗ್ರಹ ಬೇಕು. ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಈ ಜೋಡಿಯನ್ನೂ ನೋಡಿದೆ. ರೇಡಿಯೋ ಅಲೆಗಳಾದರೋ ನೆಲಕ್ಕೇ ತಲುಪುತ್ತವೆ.

1972ರ ಸೆಪ್ಟೆಂಬರ್ 2ರಂದು ಕೆನಡಾದ ಅಲ್ಗಾಂಕ್ವಿನ್ ವೀಕ್ಷಣಾಲಯದಲ್ಲಿ ಫಿಲಿಪ್ ಗ್ರೆಗರಿ ಎಂಬವರು ರೇಡಿಯೋ ದೂರದರ್ಶಕವನ್ನು ಇತ್ತ ತಿರುಗಿಸಿದ್ದರು. ಎಂದಿನ ಕ್ಷೀಣ ಅಲೆಗಳ ಬದಲು ನೂರು ಪಟ್ಟಿಗೂ ಮಿಕ್ಕ ಪ್ರಬಲ ಅಲೆಗಳು ಬಂದವು! ಸುದ್ದಿ ತಿಳಿದ ಇತರ ವೀಕ್ಷಣಾಲಯಗಳೂ ತಮ್ಮ ದೂರದರ್ಶಕಗಳನ್ನು ಅತ್ತಲೇ ತಿರುಗಿಸಿದವು.

ಅಲ್ಲಿ ನಡೆದದ್ದೇನು? ಬೀಳುತ್ತಿದ್ದ ಅನಿಲದ ಒಂದು ಪಾಲು ಒಳಗೆ ಹೋಗದೆ ಹೊರಕ್ಕೆ ಚಿಮ್ಮಿತ್ತು. ಅದರಲ್ಲಿನ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ, ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ರೇಡಿಯೋ ಅಲೆ ಬೀರಿದವು. ಚಿಮ್ಮಿದ ಮುದ್ದೆ ಮೊದಲಿಗೆ ದಟ್ಟ. ಅದು ಹಿಗ್ಗಿ ತೆಳುವಾದಂತೆ ಗಿಡ್ಡ ಅಲೆಗಳು ಮೊದಲು ಹೊರಬರುತ್ತವೆ, ಉದ್ದನೆಯವು ತಡವಾಗಿ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ದೊಡ್ಡ ಸಿಡಿತಕ್ಕೆ ಮುನ್ನ ಈ ಜೋಡಿಯ ರೇಡಿಯೋ ಅಲೆಗಳು ಎಂದಿಗಿಂತಲೂ ತಗ್ಗಿಬಿಡುತ್ತವೆ. ಈ ಮೌನ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಹಾಗೆ ತಗ್ಗಿತೆಂದರೆ ಖಗೋಳ ವಿಜ್ಞಾನಿಗಳು ಎಚ್ಚರವಾಗಿ ಕಾಯತೊಡಗುತ್ತಾರೆ. 2011ರ ಮಾರ್ಚಿನಲ್ಲಿ ಕಾದವರಿಗೆ ಸರಿಸುಮಾರು 1972ರಷ್ಟೇ ದೊಡ್ಡ ಸಿಡಿತ ಕಾಣಸಿಕ್ಕಿತು.